75 ಡೆಸಿಬೆಲ್ ಚೀಟಿ ಇದ್ರೆ ಸಾಕಾ?

“ಜನರೇಟರ್ ಮೇಲೆ 75 ಡೆಸಿಬೆಲ್ ಅಂತ ಚೀಟಿ ಇದ್ದರೆ ರಾತ್ರಿಯಿಡೀ ಓಡಿಸಬಹುದು, ಪಕ್ಕದವರು ದೂರು ಕೊಡುವಂತಿಲ್ಲ.” ಈ ಮೆಸೇಜ್ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ.

75 ಅನ್ನೋದು ಡೀಸೆಲ್ ಜನರೇಟರ್ ತಯಾರಕರಿಗೆ ಹಾಕಿದ ಮಿತಿ. ಜನರೇಟರ್ ಸುತ್ತ ಸದ್ದು ತಡೆಯೋಕೆ ಹಾಕಿರುವ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ ಅಳೆದ ಸದ್ದು ಅದು. ಬಡಾವಣೆಯ ಲೆಕ್ಕವೇ ಬೇರೆ. ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಸದ್ದು ಈ ಮಿತಿಗಿಂತ 10 ಡೆಸಿಬೆಲ್ ಅಥವಾ ಇನ್ನೂ ಜಾಸ್ತಿ ಇದ್ದರೆ ಯಾರು ಬೇಕಾದರೂ ದೂರು ಕೊಡಬಹುದು.

ಹಾಗಂತ ರಾತ್ರಿ ಜನರೇಟರ್ ಹಾಕಲೇಬಾರದು ಅಂತಲ್ಲ. ಎಲ್ಲಿಟ್ಟಿದ್ದೀರಿ ಅನ್ನೋದು ಮುಖ್ಯ. ಎರಡು ಮನೆಗಳ ನಡುವಿನ ಕಿರಿದಾದ ಸಂದಿಯಲ್ಲಿಟ್ಟರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ನೇರ ಪಕ್ಕದವರ ಕಿಟಕಿಗೆ ಹೋಗುತ್ತದೆ. ಒಳಗೆ ಮಗು ಮಲಗಿರುತ್ತೆ ಅಲ್ವಾ? ಕೆಲವರು ಬಿಸಿಯಾಗುತ್ತೆ ಅಂತ ಪೆಟ್ಟಿಗೆಯ ಬಾಗಿಲು ತೆಗೆದಿಡುತ್ತಾರೆ. ಆಗ ಆ 75ರ ಚೀಟಿಗೂ ಅರ್ಥವಿಲ್ಲ. ಒಂದೆರಡು ಫ್ಯಾನು, ಲೈಟಿಗಾದರೆ ಯುಪಿಎಸ್ ಸಾಕು.