ನಕಲು ಎಂದು ಮೂಗು ಮುರಿಯುವವರಿಗೆ

ನಿನ್ನೆ ನಮ್ಮೂರಿನ ಚಿತ್ರಕಲಾ ಪ್ರದರ್ಶನವೊಂದರಲ್ಲಿ, ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ರೇಖಾಚಿತ್ರಗಳನ್ನು ನೋಡಿ ಅಭ್ಯಾಸ ಮಾಡಿದ್ದ ವಿದ್ಯಾರ್ಥಿನಿಯೊಬ್ಬಳ ಹಾಳೆಗಳ ಮುಂದೆ ನಿಂತ ಮುಖ್ಯ ಅತಿಥಿಗಳು, "ಇದೆಲ್ಲ ನಕಲು ಕಣಮ್ಮ, ಅದೂ ಪರದೇಶದವರದ್ದು. ಸ್ವಂತದ್ದೇನಾದರೂ ಮಾಡು" ಎಂದು ಎಲ್ಲರೆದುರು ಅಪ್ಪಣೆ ಕೊಡಿಸಿದರು. ಇಷ್ಟು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿಕೊಂಡು ಬಂದ ನನಗೆ ಮೈಯೆಲ್ಲ ಉರಿಯಿತು.

ಆ ಪರದೇಶದವನು ಐವತ್ತರ ಪ್ರಾಯದಲ್ಲಿ, 1656ರಲ್ಲಿ ದಿವಾಳಿಯೆದ್ದ ಆಸುಪಾಸಿನಲ್ಲಿ, ಯಾರ ಚಿತ್ರಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದನೆಂದು ಅತಿಥಿಗಳಿಗೆ ಗೊತ್ತಿರಲಾರದು. ನಮ್ಮ ಮೊಘಲ್ ಚಿತ್ರಕಾರರದ್ದನ್ನು! ಅಂಥ 20ಕ್ಕೂ ಹೆಚ್ಚು ಪ್ರತಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಷಹಜಹಾನನಿದ್ದಾನೆ, ಮರದಡಿ ಕುಳಿತ ನಾಲ್ವರು ಹಿರಿಯರಿದ್ದಾರೆ. ಏಷ್ಯಾದ ನಯವಾದ ಕಾಗದದ ಮೇಲೆ ಅವನ ಎಂದಿನ ಬೀಸುಗೆರೆ ತಗ್ಗಿ, ನಿಲುವಂಗಿಯ ಅಂಚಿನಲ್ಲಿ, ಪೇಟದ ಸುತ್ತಿನಲ್ಲಿ ಸಣ್ಣಗೆ ಓಡುತ್ತದೆ. ಮೂಲದ ಬಣ್ಣಗಳ ಜಾಗದಲ್ಲಿ ಕಂದು ಶಾಯಿ ಮತ್ತು ಅವನದ್ದೇ ಆದ ನೆರಳು ಬಂದು ಕೂರುತ್ತವೆ. ಇದು ನಕಲೋ?

ನಮ್ಮ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದಾಗ, ನಂದಲಾಲ್ ಬೋಸ್ ಮೊದಲಾದವರೊಡನೆ ಅಜಂತಾಕ್ಕೆ ಹೋಗಿ ಭಿತ್ತಿಚಿತ್ರಗಳ ಪ್ರತಿ ತೆಗೆದವರೇ. ಎಳೆಯರ ಅಭ್ಯಾಸ ಎನ್ನುವುದಾದರೆ, 1889ರ ಜೂನ್‌ನಲ್ಲಿ 'ನಕ್ಷತ್ರಗಳ ರಾತ್ರಿ' ಎಂಬ ಚಿತ್ರವನ್ನು ಬರೆದು ಮುಗಿಸಿದ ವ್ಯಾನ್ ಗೋ ಅದೇ ವರ್ಷ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಪ್ರತಿಗಳಿಗೆ ಕೈ ಹಾಕಿದ. ಸರಳೆ ವರಸೆ ಹಾಡುವ ಮಗುವಿಗೆ "ಪುರಂದರದಾಸರನ್ನು ನಕಲು ಮಾಡಬೇಡ" ಎಂದು ಯಾರೂ ಹೇಳುವುದಿಲ್ಲ. ಪೆನ್ಸಿಲ್ ಹಿಡಿದವಳು ಮಾತ್ರ ಮೊದಲ ದಿನವೇ ಸ್ವಂತಿಕೆ ತೋರಿಸಬೇಕು.

ಜೀವನವಿಡೀ ಪ್ರತಿ ಮಾಡಿದರೆ ಕೈ ಜಡವಾಗುತ್ತದೆ ಎನ್ನುವವರಿದ್ದಾರೆ. ಆಗಬಹುದು. ಆದರೆ ನಾನು ಕಂಡ ಜಡ ಕೈಗಳಲ್ಲಿ ಹೆಚ್ಚಿನವು ಯಾರನ್ನೂ ನೋಡಿ ಕಲಿಯದೆ, ಮುಂಗೈ ಬರೆಯಲು ಬಾರದೆ, ಪ್ರತಿ ಚಿತ್ರದಲ್ಲೂ ಅದನ್ನು ಸೆರಗಿನಡಿ ಬಚ್ಚಿಟ್ಟ ಸ್ವಂತಿಕೆಯ ಕೈಗಳು.

ಆ ಹುಡುಗಿಯ ಹಾಳೆಯಲ್ಲಿ ಮುದುಕನೊಬ್ಬನ ಮುಂಗೈ ಅಂಗಿಯ ತೋಳಿನೊಳಗೆ ಮರೆಯಾಗುವಲ್ಲಿ ಗೆರೆ ಅರ್ಧಕ್ಕೇ ನಿಂತಿತ್ತು, ಉಳಿದದ್ದನ್ನು ಬಿಳಿ ಕಾಗದವೇ ಹೇಳುತ್ತಿತ್ತು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ?

ನನ್ನ ತರಗತಿಯ ಮಕ್ಕಳು ಮುಂದೆಯೂ ಹಳೆಯ ಕಲಾವಿದರನ್ನು ನೋಡಿಯೇ ಬಿಡಿಸುತ್ತಾರೆ, ಕೆಳಗೆ ಮೂಲ ಯಾರದ್ದೆಂದು ಬರೆಯುತ್ತಾರೆ. ಒಪ್ಪದ ಪೋಷಕರು ಬಂದು ಫೀಸು ವಾಪಸು ತೆಗೆದುಕೊಂಡು ಹೋಗಬಹುದು.