ಹೆಣ್ಣು ನೋಡಲು ಬಂದು ಪಕ್ಷ ಕೇಳಿದರು

ನಿನ್ನೆ ತಂಗಿಯನ್ನು ನೋಡಲು ಕಲಬುರಗಿಯ ನಮ್ಮ ಮನೆಗೆ ಬಂದಿದ್ದರು. ಅವ್ವ ಸುಸಲಾ, ಮಿರ್ಚಿ ಭಜಿ ಮಾಡಿದ್ದಳು. ಹುಡುಗನ ತಂದೆ ತಟ್ಟೆ ಮುಟ್ಟುವ ಮೊದಲೇ ಟಿವಿಯತ್ತ ಕಣ್ಣು ಹಾಯಿಸಿ, ‘ಈ ಚಾನೆಲ್ ನೋಡುತ್ತೀರಾ? ನೀವು ಯಾವ ಪಕ್ಷದವರು?’ ಎಂದರು. ತಂಗಿಯ ಓದು, ಕೆಲಸ, ಇಷ್ಟ ಯಾವುದೂ ಬೇಡವೇ? ಕುಲ, ಗೋತ್ರ, ಜಾತಕ ಸಾಲದೆಂದು ಈಗ ಇದೊಂದು! ಹೋದ ತಿಂಗಳು ಬಂದವರಿಗೆ ಅಪ್ಪ ಓದುವ ಪತ್ರಿಕೆ ಹಿಡಿಸಲಿಲ್ಲ. ಸುದ್ದಿ ನಿಜವೋ ಸುಳ್ಳೋ ಯಾರಿಗೂ ಬೇಕಿಲ್ಲ, ನಮ್ಮವರದೋ ಅವರದೋ ಎಂದು ತಿಳಿದರೆ ಸಾಕು. ಇದೇ ಕ್ಷೇತ್ರ 2019ರಲ್ಲಿ ಬಿಜೆಪಿಯನ್ನು, 2024ರಲ್ಲಿ ಕಾಂಗ್ರೆಸ್ಸನ್ನು ಲೋಕಸಭೆಗೆ ಕಳಿಸಿತು. ಪಕ್ಷವೇನು ಹುಟ್ಟಿನಿಂದ ಬಂದ ಅಡ್ಡಹೆಸರೇ? ಅವರು ಹೋದ ಮೇಲೆ ತಂಗಿ ತಣ್ಣಗಾದ ಮಿರ್ಚಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದಳು, ಒಂದು ಮಾತೂ ಆಡಲಿಲ್ಲ. ನನ್ನ ಮೈ ಇನ್ನೂ ಉರಿಯುತ್ತಿದೆ.