ಚಿಕ್ಕ ತಂಡಕ್ಕೇ ಬಿಲ್ಡ್ ಟೂಲ್ ಜಾಸ್ತಿ ಬೇಕು

‘ನಾಲ್ಕೈದು ಜನರ ತಂಡಕ್ಕೆ ಮೇವನ್ ಯಾಕೆ, ಎಕ್ಲಿಪ್ಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಸಾಕು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಕ್ಲಿಪ್ಸ್ ಎಂದರೆ ನಾವು ಕೋಡ್ ಬರೆಯುವ ತಂತ್ರಾಂಶ; ಮೇವನ್ ಎಂದರೆ ಜಾವಾ ಕೋಡಿನಿಂದ ಪ್ರೋಗ್ರಾಂ ಕಟ್ಟಿಕೊಡುವ ಬಿಲ್ಡ್ ಟೂಲ್. ಮಂಗಳೂರಿನ ಕದ್ರಿಯಲ್ಲಿ ನಾವೂ ನಾಲ್ಕೇ ಜನ ಇದ್ದೆವು. ಗ್ರಾಹಕರಿಗೆ ಕೊಡುವ ಜಾರ್ ಫೈಲ್ (ಜಾವಾ ಪ್ರೋಗ್ರಾಮಿನ ಸಿದ್ಧ ಕಟ್ಟು) ಮಾಡುತ್ತಿದ್ದುದು ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅಷ್ಟಮಿಗೆ ಅವನು ಉಡುಪಿಗೆ ಹೋದ ದಿನವೇ ಗ್ರಾಹಕರಿಗೆ ತುರ್ತಾಗಿ ಒಂದು ತಿದ್ದುಪಡಿ ಕೊಡಬೇಕಾಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ರಸೀದಿಯ ಪಿಡಿಎಫ್ ಮಾಡುವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಹಳೇ ಆವೃತ್ತಿ ಇತ್ತು. ಗೊತ್ತಾಗದೆ ಅದನ್ನೇ ಸೇರಿಸಿ ಕಳಿಸಿದೆ. ಮರುದಿನ ಬೆಳಿಗ್ಗೆ ಅವರ ಕೌಂಟರಿನಲ್ಲಿ ಒಂದೂ ರಸೀದಿ ಪ್ರಿಂಟ್ ಆಗಲಿಲ್ಲ. ಅಲ್ಲಿ ಕ್ಯೂ ನಿಂತಿದ್ದವರನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಯಾವ ಲೈಬ್ರರಿ ಬೇಕೆಂದು ಮೇವನ್‌ಗೆ ಹೇಳುವ ಪಾಮ್ ಫೈಲಿನಲ್ಲಿ ಆವೃತ್ತಿ ಬರೆದಿಟ್ಟಿದ್ದರೆ ಯಾರ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೂ ಅದೇ ಲೈಬ್ರರಿ ಬರುತ್ತಿತ್ತು, ಅಲ್ವಾ? ಜಾರ್ ಕಟ್ಟುವ ‘ಪ್ಯಾಕೇಜ್’ ಹಂತಕ್ಕೆ ಮೊದಲು ಮೇವನ್, ಕೋಡ್ ಸರಿಯಿದೆಯೇ ಎಂದು ನೋಡಲು ನಾವು ಬರೆದ ಟೆಸ್ಟ್‌ಗಳನ್ನು ಓಡಿಸುತ್ತದೆ. ಒಂದು ಫೇಲ್ ಆದರೂ ಜಾರ್ ಆಗುವುದಿಲ್ಲ. ರಸೀದಿಗೆ ಒಂದೇ ಒಂದು ಟೆಸ್ಟ್ ಬರೆದಿದ್ದರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮೊದಲ ಸಲ ಮೇವನ್ ಲೈಬ್ರರಿಗಳನ್ನು ಡೌನ್‌ಲೋಡ್ ಮಾಡಲು ತುಂಬಾ ಹೊತ್ತು ಹಿಡಿಯುತ್ತದೆ ಎನ್ನುವುದು ನಿಜ. ಆದರೆ ಇಳಿದದ್ದೆಲ್ಲ ನಮ್ಮ ಲ್ಯಾಪ್‌ಟಾಪ್‌ನ ಎಂ2 (.m2) ಫೋಲ್ಡರಿನಲ್ಲಿ ಉಳಿಯುತ್ತದೆ. ಜುಲೈ ಮಳೆಗೆ ನೆಟ್ ಹೋದಾಗ ಆಫ್‌ಲೈನ್ ಆಯ್ಕೆ ಕೊಟ್ಟು ಎಷ್ಟೋ ಸಲ ಬಿಲ್ಡ್ ಮಾಡಿದ್ದೇವೆ.